ಲೀಟರಿಗೆ 112

ಶಿವಾಜಿನಗರದ ಗುಜರಿ ಗಲ್ಲಿಗಳಲ್ಲಿ ಹಳೆಯ ಬೈಕುಗಳ ಮೈ ಬಿಚ್ಚಿ ಭಾಗ ಭಾಗವಾಗಿ ಮಾರುತ್ತಾರೆ. ಟ್ಯಾಂಕು ಒಂದು ಕಡೆ, ಫೋರ್ಕು ಒಂದು ಕಡೆ, ಕ್ರ್ಯಾಂಕು, ಕಾರ್ಬೊರೇಟರು, ಮೀಟರು ಇನ್ನೊಂದು ಕಡೆ. ಇಲ್ಲಿಗೆ ಬಂದ ಬಹುತೇಕ ಬೈಕುಗಳು ಕೊನೆಗೆ ತಕ್ಕಡಿಗೆ ಏರುತ್ತವೆ. ಯಮಹಾ ಆರ್‌ಎಕ್ಸ್ 100 ಏರುವುದಿಲ್ಲ. ಎಸ್ಕಾರ್ಟ್ಸ್ ಕಂಪನಿಯ ಮೂಲಕ 1985ರಲ್ಲಿ ಭಾರತದ ರಸ್ತೆಗೆ ಇಳಿದು, 1996ರಲ್ಲಿ ತಯಾರಿಕೆ ನಿಂತುಹೋದ ಬೈಕು ಅದು. ಅದರ ಒರಿಜಿನಲ್ ಬ್ಲಾಕೋ ಸೈಲೆನ್ಸರೋ ಸಿಕ್ಕರೆ ಚೌಕಾಸಿಗೆ ಜಾಗವಿಲ್ಲ, ಅಂಗಡಿಯವರು ಹೇಳಿದ್ದೇ ರೇಟು. ಮೊದಮೊದಲ ಬೈಕುಗಳನ್ನು ಜಪಾನಿನಿಂದ ಬಂದ ಬಿಡಿಭಾಗಗಳನ್ನು ಜೋಡಿಸಿ ಮಾಡಿದ್ದರಿಂದ ‘ಜಪಾನ್ ಎಂಜಿನ್’ ಎಂಬ ಮಾತಿಗೆ ಇವತ್ತಿಗೂ ಬೇರೆಯೇ ತೂಕವಿದೆ.

ಈ ಬೈಕಿನ ಅಭಿಮಾನಿಗಳನ್ನು ಕೇಳಿದರೆ ಪಿಕಪ್ಪು, ಸದ್ದು ಎನ್ನುತ್ತಾರೆ. ಅದು ಸರಿಯೇ. ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಒಂದು ಲೆಕ್ಕ. ಆರ್‌ಎಕ್ಸ್‌ನ ಸಿಲಿಂಡರಿನ ಅಗಲ 50 ಮಿಲಿಮೀಟರ್, ಪಿಸ್ಟನ್ ಓಡಾಡುವ ದೂರವೂ 50 ಮಿಲಿಮೀಟರ್. ಲೆಕ್ಕ ಹಾಕಿದರೆ ಗಾತ್ರ 98 ಸಿಸಿ. ಅಷ್ಟರಿಂದ ಹೊರಡುತ್ತಿದ್ದುದು 11 ಅಶ್ವಶಕ್ತಿ. ಅಂದರೆ ಒಂದು ಲೀಟರ್ ಗಾತ್ರಕ್ಕೆ ಸುಮಾರು 112 ಅಶ್ವಶಕ್ತಿ. ಆ ಕಾಲದಲ್ಲಿ ನಮ್ಮ ರಸ್ತೆಯ ರಾಜನೆನಿಸಿದ್ದ ರಾಜದೂತ್ 350 ಎರಡು ಸಿಲಿಂಡರಿನ 347 ಸಿಸಿಯಿಂದ ಕೊಡುತ್ತಿದ್ದುದು ಮೂವತ್ತರ ಆಸುಪಾಸು, ಅಂದರೆ ಲೀಟರಿಗೆ 88. ನಮ್ಮ ಮೈಸೂರಿನ ಯೆಜ್ಡಿ ರೋಡ್‌ಕಿಂಗ್ 250 ಸಿಸಿಗೆ 16, ಲೀಟರಿಗೆ 64. ಸಣ್ಣ ಎಂಜಿನ್ನಿನ ಸ್ಪೋರ್ಟ್ಸ್ ಬೈಕು ನಮ್ಮಲ್ಲಿ ಹೇಗೆ ಬೆಳೆಯಿತು ಎಂದು ತಿಳಿಯಬೇಕಾದರೆ ಈ 112ನ್ನು ಕೈಯಲ್ಲಿ ಹಿಡಿದುಕೊಂಡು ನಡೆಯಬೇಕು. ಮುಂದಿನ ಎರಡು ದಶಕ ನಮ್ಮ ಕಂಪನಿಗಳು ಹೆಣಗಿದ್ದು ಈ ಸಂಖ್ಯೆಯನ್ನು ಹೊಗೆಯಿಲ್ಲದೆ ಮತ್ತೆ ಮುಟ್ಟುವುದಕ್ಕೆ.

ಬೆಂಗಳೂರಿನ ದಂಡು ಪ್ರದೇಶಕ್ಕೂ ಈ ಬೈಕಿಗೂ ಜೋಡಿ ಕೂಡಿಬಂದದ್ದು ಬರೀ ಫ್ಯಾಷನ್ನಿನಿಂದಲ್ಲ. ಕಬ್ಬನ್ ರಸ್ತೆ, ಇನ್‌ಫೆಂಟ್ರಿ ರಸ್ತೆ, ಹಲಸೂರು ಕೆರೆಯ ಪಕ್ಕದ ಕೆನ್ಸಿಂಗ್ಟನ್ ರಸ್ತೆ, ಟ್ರಿನಿಟಿ ಸರ್ಕಲ್ಲಿನ ಏರು: ಎಲ್ಲವೂ ಗಿಡ್ಡ ಗಿಡ್ಡ ಓಟಗಳು. ಇಂಥ ರಸ್ತೆಯಲ್ಲಿ ಗಂಟೆಗೆ ನೂರರ ವೇಗ ಯಾವ ಪ್ರಯೋಜನಕ್ಕೂ ಇಲ್ಲ. ನಿಂತಲ್ಲಿಂದ ಅರವತ್ತಕ್ಕೆ ಎಷ್ಟು ಬೇಗ ಏರುತ್ತದೆ ಎಂಬುದಷ್ಟೇ ಪ್ರಶ್ನೆ. ಅದಕ್ಕೆ ಬೇಕಾದದ್ದು ಹಗುರ ಮೈ. ಆರ್‌ಎಕ್ಸ್‌ನ ತೂಕ 103 ಕಿಲೋದಷ್ಟು.

ಪೂರ್ವ ಬೆಂಗಳೂರು ಕೈಕಸುಬಿನ ಊರು. ಎಚ್‌ಎಎಲ್ 1940ರಲ್ಲಿ ಶುರುವಾಯಿತು, ದೂರವಾಣಿನಗರದ ಟೆಲಿಫೋನ್ ಕಾರ್ಖಾನೆ ಐಟಿಐ 1948ರಲ್ಲಿ, ಆಮೇಲೆ ಬೈಯಪ್ಪನಹಳ್ಳಿಯ ಎನ್‌ಜಿಇಎಫ್. ಹಲಸೂರಿನಿಂದ ಕೆ.ಆರ್. ಪುರದವರೆಗೆ ಹಳೆ ಮದ್ರಾಸ್ ರಸ್ತೆಯುದ್ದಕ್ಕೂ ಲೇತು, ಮಿಲ್ಲಿಂಗು, ಬೋರಿಂಗು ಬಲ್ಲವರ ಸಂಸಾರಗಳು ನೆಲೆಸಿದವು. ನೂರನೇ ಒಂದು ಮಿಲಿಮೀಟರಿನ ಬೆಲೆ ಏನೆಂದು ಹೊಟ್ಟೆಪಾಡಿನಿಂದ ಕಲಿತ ಊರಿದು. ಸವೆದ ಸಿಲಿಂಡರನ್ನು ಕಾಲು ಮಿಲಿಮೀಟರ್ ಹಿಗ್ಗಿಸಿ ಓವರ್‌ಸೈಜ್ ಪಿಸ್ಟನ್ ಕೂರಿಸುವುದು, ಹೆಡ್ಡನ್ನು ಕೂದಲೆಳೆಯಷ್ಟು ಸವರಿ ಕಂಪ್ರೆಷನ್ ಏರಿಸುವುದು, ಇವೆಲ್ಲ ಹೊರಗಿನಿಂದ ಯಾರೋ ಬಂದು ಹೇಳಿಕೊಡಬೇಕಾದ ವಿದ್ಯೆ ಆಗಿರಲಿಲ್ಲ.

ಟೂ ಸ್ಟ್ರೋಕ್ ಎಂಜಿನ್ ಇಂಥ ಕೈಗಳಿಗೆಂದೇ ಹುಟ್ಟಿದ್ದು. ಅದಕ್ಕೆ ಕ್ಯಾಮಿಲ್ಲ, ಕ್ಯಾಮು ತೆರೆಯುವ ವಾಲ್ವಿಲ್ಲ, ಟೈಮಿಂಗ್ ಚೈನಿಲ್ಲ. ಸಿಲಿಂಡರಿನ ಗೋಡೆಯಲ್ಲೇ ಕಿಂಡಿಗಳು. ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತ ಅವನ್ನು ತಾನೇ ಮುಚ್ಚಿ ತೆರೆಯುತ್ತದೆ. ಹೊಗೆ ಹೋಗುವ ಕಿಂಡಿಯನ್ನು ಅರ (ಫೈಲು) ಹಿಡಿದು ಒಂದಿಷ್ಟು ಮೇಲಕ್ಕೆ ಉಜ್ಜಿದರೆ ಮೇಲಿನ ಆರ್‌ಪಿಎಂನಲ್ಲಿ ಎಂಜಿನ್ ಬೇರೆಯೇ ಆಗುತ್ತದೆ. ಕೆಳಗಿನ ಎಳೆತ ಅಷ್ಟೇ ಕಮ್ಮಿಯಾಗುತ್ತದೆ. ಪ್ಲಗ್ ಬಿಚ್ಚಿ ಬಣ್ಣ ನೋಡುತ್ತಾರೆ. ಕಾಫಿಪುಡಿ ಬಣ್ಣವಿದ್ದರೆ ಸರಿ, ಕಪ್ಪಾಗಿದ್ದರೆ ಪೆಟ್ರೋಲ್ ಜಾಸ್ತಿ, ಬೆಳ್ಳಗಿದ್ದರೆ ಕಮ್ಮಿ, ಹಾಗೇ ಓಡಿಸಿದರೆ ಪಿಸ್ಟನ್ ಸೀಜು.

ಈ ಊರಿಗೇ ವಿಶೇಷವಾದ ಒಂದು ಕಷ್ಟವಿತ್ತು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿನ ಗಾಳಿಯ ಒತ್ತಡ ಚೆನ್ನೈಗಿಂತ ಹತ್ತರಲ್ಲಿ ಒಂದು ಪಾಲಿನಷ್ಟು ಕಡಿಮೆ. ಕಾರ್ಬೊರೇಟರಿನ ಎಂಜಿನ್ ಇಲ್ಲಿ ಅಷ್ಟರಮಟ್ಟಿಗೆ ಶಕ್ತಿ ಕಳೆದುಕೊಳ್ಳುತ್ತದೆ. ಇಲ್ಲಿಯ ಗಾಳಿಗೆ ಹೊಂದುವಂತೆ, ಪೆಟ್ರೋಲ್ ಅಳೆದು ಬಿಡುವ ಜೆಟ್ ಕೂರಿಸಿದ ಬೈಕನ್ನು ಕೆ.ಆರ್. ಪುರ, ಕೋಲಾರ, ಮುಳಬಾಗಿಲು ದಾಟಿ ಘಟ್ಟದ ಕೆಳಕ್ಕೆ ಇಳಿಸಿದರೆ ಗಾಳಿ ದಟ್ಟವಾಗುತ್ತ ಹೋಗಿ ಪೆಟ್ರೋಲ್ ಸಾಲದಾಗುತ್ತದೆ. ರೇಸಿನ ಬೈಕಿಗೆ ಇದು ಅಪಾಯ. ಚೆನ್ನೈ ಹತ್ತಿರದ ಶೋಳವರಂ ಏರ್‌ಸ್ಟ್ರಿಪ್ಪಿನಲ್ಲಿ, ಆಮೇಲೆ ಇರುಂಗಾಟುಕೋಟೈ ಟ್ರ್ಯಾಕಿನಲ್ಲಿ ಓಡಿಸಬೇಕಾದ ಬೈಕಿಗೆ ಅಲ್ಲಿ ಹೋದಮೇಲೆ ದೊಡ್ಡ ಜೆಟ್ ಹಾಕಲೇಬೇಕು. ಹಾಕದಿದ್ದರೆ ಪಿಸ್ಟನ್ ಕರಗಿ ಸಿಲಿಂಡರಿಗೆ ಅಂಟಿಕೊಳ್ಳುತ್ತದೆ. ಇವತ್ತಿನ ಬೈಕಿನಲ್ಲಿ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಆ ಕೆಲಸ ತಾನೇ ಮಾಡಿಬಿಡುತ್ತದೆ.

ಮೈಸೂರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಬೈಕು ಮಾಡಿತು. ಅಲ್ಲಿಂದ ಬಂದ ಯೆಜ್ಡಿ ಈ ರಾಜ್ಯದ ಎಷ್ಟೋ ರೇಸುಗಾರರಿಗೆ ಮೊದಲ ಪಾಠಶಾಲೆ. ಅದೇ ಮೈಸೂರಿನ ರೇಸ್ ಟ್ಯೂನರ್ ಸೋಮೇಂದರ್ ಸಿಂಗ್ ಸಿಲಿಂಡರ್ ಹೆಡ್ಡಿನ ಒಳಮೈಯಲ್ಲಿ ಗೆರೆಗಳನ್ನು ಕೊರೆದು, ಪೆಟ್ರೋಲು ಗಾಳಿ ಚೆನ್ನಾಗಿ ಕಲಕಿ ಉರಿಯುವಂತೆ ಮಾಡುವ ವಿಧಾನಕ್ಕೆ 2001ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಒಂದು ವರ್ಕ್‌ಶಾಪಿನಲ್ಲಿ ಕೂತು ದಹನದ ಮೂಲಪ್ರಶ್ನೆಗೆ ಕೈಹಾಕಿದವರು ನಮ್ಮಲ್ಲಿದ್ದರು ಎಂಬುದನ್ನು ನಾವು ಹೆಚ್ಚು ಜೋರಾಗಿ ಹೇಳಬೇಕು.

ಇನ್ನೊಂದು ದಿಕ್ಕಿಗೆ, ಅತ್ತಿಬೆಲೆ ದಾಟಿದರೆ ಹೊಸೂರು. ತಮಿಳುನಾಡಿನ ಗಡಿಯೊಳಗಿದ್ದರೂ ಕನ್ನಡ ಮಾತಾಡುವ ಮನೆಗಳು ತುಂಬಿರುವ ಊರು. ಟಿವಿಎಸ್ ಕಂಪನಿಯ ಟಿವಿಎಸ್ 50 ಮೊಪೆಡ್ 1980ರಲ್ಲಿ ಹೊರಟದ್ದು ಇಲ್ಲಿಂದ. ಜಪಾನಿನ ಸುಜುಕಿ ಜೊತೆ ಕೈಜೋಡಿಸಿ ಇಂಡ್-ಸುಜುಕಿ ಎಂಬ 100 ಸಿಸಿ ಬೈಕನ್ನು 1984ರಲ್ಲಿ ತಂದದ್ದೂ ಇಲ್ಲಿಂದಲೇ. ಆರ್‌ಎಕ್ಸ್‌ಗೆ ಈ ಕಾರ್ಖಾನೆ ಕೊಟ್ಟ ಉತ್ತರ 1993ರ ಶೋಗನ್. 108 ಸಿಸಿಗೆ 14 ಅಶ್ವಶಕ್ತಿ. ಲೀಟರಿಗೆ 130ರ ಹತ್ತಿರ. ಕಾಗದದ ಮೇಲೆ ಆರ್‌ಎಕ್ಸ್‌ಗಿಂತ ಮುಂದೆ. ಆದರೆ ಅದರ ಶಕ್ತಿಯೆಲ್ಲ ಮೇಲಿನ ಆರ್‌ಪಿಎಂನಲ್ಲಿ ಒಮ್ಮೆಗೇ ಬಂದು ಎರಗುತ್ತಿತ್ತು. ಸಿಗ್ನಲ್ಲಿಂದ ಸಿಗ್ನಲ್ಲಿಗೆ ಓಡಿಸುವವರಿಗೆ ಆರ್‌ಎಕ್ಸ್‌ನ ಕೆಳಗಿನ ಎಳೆತವೇ ಹಿತವಾಗಿತ್ತು. ಶೋಗನ್ ಬೈಕಿನ ಸೈಲೆನ್ಸರಿನ ಕೀರಲು ಸದ್ದನ್ನು ಪ್ರೀತಿಸಿದವರು ಇವತ್ತಿಗೂ ಇದ್ದಾರೆ. ಅವರ ಸಂಖ್ಯೆ ಚಿಕ್ಕದು, ನಿಷ್ಠೆ ದೊಡ್ಡದು.

ಇಷ್ಟು ಹೊಗಳಿದ ಮೇಲೆ ಟೂ ಸ್ಟ್ರೋಕಿನ ಪಾಪವನ್ನೂ ನೇರವಾಗಿ ಹೇಳಬೇಕು. ಹೊಸ ಪೆಟ್ರೋಲು ಒಳಬರುವ ಕಿಂಡಿ ಮತ್ತು ಸುಟ್ಟ ಹೊಗೆ ಹೊರಹೋಗುವ ಕಿಂಡಿ ಸ್ವಲ್ಪ ಹೊತ್ತು ಎರಡೂ ಒಟ್ಟಿಗೆ ತೆರೆದಿರುತ್ತವೆ. ಆ ಹೊತ್ತಿನಲ್ಲಿ ಪೆಟ್ರೋಲಿನ ಒಂದು ಪಾಲು ಉರಿಯದೆ ನೇರ ಸೈಲೆನ್ಸರಿಗೆ ಹೋಗಿ, ಅಲ್ಲಿಂದ ನಮ್ಮ ಮೂಗಿಗೆ ಬರುತ್ತದೆ. ಜೊತೆಗೆ ಪೆಟ್ರೋಲಿನೊಡನೆ ಬೆರೆಯುವ 2ಟಿ ಆಯಿಲ್ಲೂ ಉರಿಯುತ್ತದೆ. ತೊಂಬತ್ತರ ದಶಕದಲ್ಲಿ ಹಲಸೂರಿನ ಸಿಗ್ನಲ್ಲಿನಲ್ಲಿ, ಸ್ಕೂಟರು, ಆಟೊ, ಬೈಕುಗಳ ನಡುವೆ ನಿಂತು ನೀಲಿ ಹೊಗೆ ಕುಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1996ರಲ್ಲಿ, ಮತ್ತೆ 2000ದಲ್ಲಿ ಹೊಗೆಯ ನಿಯಮಗಳು ಬಿಗಿಯಾದವು. ಆರ್‌ಎಕ್ಸ್ 100 ನಿಂತಿತು. ಅದರ ತಮ್ಮಂದಿರು ಆರ್‌ಎಕ್ಸ್-ಜಿ, ಆರ್‌ಎಕ್ಸ್ 135, ಆರ್‌ಎಕ್ಸ್-ಜೆಡ್ ಕೆಲವು ವರ್ಷ ಉಸಿರು ಹಿಡಿದು ಮರೆಯಾದರು. ಆ ಬೈಕುಗಳನ್ನು ಎಷ್ಟೇ ಪ್ರೀತಿಸಿದರೂ, ಆ ನಿಯಮಗಳು ಬಂದದ್ದು ಒಳ್ಳೆಯದೇ ಆಯಿತು ಎಂದು ನನ್ನ ಖಚಿತ ಅಭಿಪ್ರಾಯ. ಊರಿನ ಮಕ್ಕಳ ಶ್ವಾಸಕೋಶಕ್ಕಿಂತ ಪಿಕಪ್ಪು ದೊಡ್ಡದಲ್ಲ.

ಆದರೆ ಫೋರ್ ಸ್ಟ್ರೋಕಿಗೆ ಬದಲಾಗಲು ಬೆಲೆ ತೆರಬೇಕಾಯಿತು. ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ಒಮ್ಮೆ ಉರಿಯುತ್ತದೆ, ಟೂ ಸ್ಟ್ರೋಕ್ ಪ್ರತಿ ಸುತ್ತಿಗೂ. ಅಷ್ಟೇ ಸಿಸಿಯಲ್ಲಿ ಅಷ್ಟೇ ಶಕ್ತಿ ಬೇಕೆಂದರೆ ಫೋರ್ ಸ್ಟ್ರೋಕ್ ಹೆಚ್ಚು ಜೋರಾಗಿ ಸುತ್ತಬೇಕು, ಪ್ರತಿ ಸಲವೂ ಹೆಚ್ಚು ಗಾಳಿ ಎಳೆದುಕೊಳ್ಳಬೇಕು. 2000ದಲ್ಲಿ ಹೊಸೂರಿನಿಂದ ಬಂದ ಫಿಯೆರೊ 147 ಸಿಸಿಗೆ ಕೊಟ್ಟದ್ದು 12 ಅಶ್ವಶಕ್ತಿ. ಲೀಟರಿಗೆ 81. ಆರ್‌ಎಕ್ಸ್ ಬಂದು ಹದಿನೈದು ವರ್ಷ ಕಳೆದಮೇಲೆ ಒಂದೂವರೆ ಪಟ್ಟು ದೊಡ್ಡ ಎಂಜಿನ್ ಹಾಕಿ ಸಿಕ್ಕಿದ್ದು ಒಂದೇ ಒಂದು ಅಶ್ವಶಕ್ತಿ ಹೆಚ್ಚು! 1999ರ ಹೀರೊ ಹೋಂಡಾ ಸಿಬಿಜೆಡ್, 2001ರ ಬಜಾಜ್ ಪಲ್ಸರ್ ಬಂದು ಇಂದಿರಾನಗರದ ನೂರಡಿ ರಸ್ತೆಯ ಹುಡುಗರಿಗೆ ಮತ್ತೆ ಆಸೆ ಹುಟ್ಟಿಸಿದವು. 2001ರಲ್ಲೇ ಸುಜುಕಿ ಜೊತೆಗಿನ ನಂಟು ಮುಗಿದು ಹೊಸೂರಿನ ಕಂಪನಿ ಒಂಟಿಯಾಯಿತು. ಎಂಜಿನ್ ಅನ್ನು ಇನ್ನು ತಾನೇ ಯೋಚಿಸಬೇಕಿತ್ತು.

ಟಿವಿಎಸ್ ಅಪಾಚೆ ಬೈಕಿನ ಕತೆ ಶುರುವಾಗುವುದು ಇಲ್ಲಿ. ಈ ಭಾಗವನ್ನು ನಾನು ನಿಧಾನವಾಗಿ ಹೇಳಬೇಕು. ಒಂದೇ ಎಂಜಿನ್ ವಂಶವನ್ನು ಇಷ್ಟು ವರ್ಷ ಬಿಡದೆ ತಿದ್ದುತ್ತ ಹೋದ ಉದಾಹರಣೆ ನಮ್ಮ ದೇಶದಲ್ಲಿ ಅಪರೂಪ.

2005-06ರ ಮೊದಲ ಅಪಾಚೆ 150ರ ಸಿಲಿಂಡರ್ ಫಿಯೆರೊ ಬೈಕಿನದೇ: ಅಗಲ 57, ಪಿಸ್ಟನ್ನಿನ ಓಟ 57.8 ಮಿಲಿಮೀಟರ್. ಶಕ್ತಿ ಹದಿಮೂರೂವರೆ. 2007ರಲ್ಲಿ ಅಪಾಚೆ ಆರ್‌ಟಿಆರ್ 160 ಬಂದಾಗ ಅಗಲ 62ಕ್ಕೆ ಹಿಗ್ಗಿತ್ತು, ಓಟ 52.9ಕ್ಕೆ ಕುಗ್ಗಿತ್ತು. ಮೇಲುನೋಟಕ್ಕೆ ಬರೀ 12 ಸಿಸಿ ಹೆಚ್ಚಳ. ನಿಜವಾಗಿ ಎಂಜಿನ್ನಿನ ಸ್ವಭಾವವೇ ಬದಲಾಯಿತು. ಪಿಸ್ಟನ್ ಓಡಬೇಕಾದ ದೂರ ಕಮ್ಮಿಯಾದರೆ ಅದೇ ಆರ್‌ಪಿಎಂನಲ್ಲಿ ಅದರ ವೇಗ ಕಮ್ಮಿ, ಸವೆತ ಕಮ್ಮಿ. ಹಾಗಾಗಿ ಇನ್ನೂ ಜೋರಾಗಿ ಸುತ್ತಿಸಬಹುದು. ಸಿಲಿಂಡರ್ ಅಗಲವಾದರೆ ಹೆಡ್ಡಿನಲ್ಲಿ ದೊಡ್ಡ ವಾಲ್ವಿಗೆ ಜಾಗ. ಶಕ್ತಿ 15ಕ್ಕೆ ಏರಿತು, ಲೀಟರಿಗೆ 95. 2009ರ ಆರ್‌ಟಿಆರ್ 180ರಲ್ಲಿ ಹಳೆಯ 57.8ರ ಓಟ ಮರಳಿತು, 62.5ರ ಅಗಲದೊಂದಿಗೆ. 2016ರ ಆರ್‌ಟಿಆರ್ 200ರಲ್ಲೂ ಅದೇ ಓಟ, ಅಗಲ 66, ನಾಲ್ಕು ವಾಲ್ವು, ಆಯಿಲ್ ಕೂಲಿಂಗು, ಇಪ್ಪತ್ತಕ್ಕೂ ಮೇಲೆ ಅಶ್ವಶಕ್ತಿ. ಆಗ ಲೀಟರಿಗೆ 104. ರೇಡಿಯೇಟರಿನ ನೀರಿಲ್ಲದೆ, ಗಾಳಿ ಮತ್ತು ಎಂಜಿನ್ ಆಯಿಲ್ಲನ್ನಷ್ಟೇ ನೆಚ್ಚಿಕೊಂಡು ಸಂಖ್ಯೆ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿತು.

ಹಾಗೆ ನೋಡಿದರೆ 112ನ್ನು ಫೋರ್ ಸ್ಟ್ರೋಕಿನಲ್ಲಿ ಮುಟ್ಟಿದ್ದು ಯಮಹಾ ಕಂಪನಿಯೇ. 2008ರ ಆರ್15: 149 ಸಿಸಿ, ನಾಲ್ಕು ವಾಲ್ವು, ಫ್ಯುಯೆಲ್ ಇಂಜೆಕ್ಷನ್ನು, ನೀರಿನ ಕೂಲಿಂಗು, 17 ಅಶ್ವಶಕ್ತಿ. ಲೀಟರಿಗೆ 113. ಆರ್‌ಎಕ್ಸ್ ಬಂದು 23 ವರ್ಷದ ಮೇಲೆ, ಅದೇ ಮನೆಯಿಂದ, ಅದೇ ಸಂಖ್ಯೆ. ಈ ಸಲ ನೀಲಿ ಹೊಗೆಯಿಲ್ಲ. ಇಂದಿರಾನಗರ, ಎಚ್‌ಎಎಲ್ ಸುತ್ತಿನ ಕಾಲೇಜು ಹುಡುಗರು ಹ್ಯಾಂಡಲ್ಲಿನ ಮೇಲೆ ಬಾಗಿ ಕೂರುವುದನ್ನು ಕಲಿತದ್ದು ಈ ಬೈಕಿನ ಮೇಲೆ. 2012ರ ಕೆಟಿಎಂ ಡ್ಯೂಕ್ 200 ಇನ್ನೂ ಮುಂದೆ ಹೋಗಿ 25 ಅಶ್ವಶಕ್ತಿ ಕೊಟ್ಟಿತು. ಆದರೆ ಹೊಸೂರಿನವರ ದಾರಿ ನನಗೆ ಹೆಚ್ಚು ಹತ್ತಿರ. 2021ರ ಕೊನೆಯಲ್ಲಿ ಅವರು ಬರೀ 200 ಬೈಕುಗಳ ಮಟ್ಟಿಗೆ ಆರ್‌ಟಿಆರ್ 165 ಆರ್‌ಪಿ ಎಂಬುದನ್ನು ತಂದರು. 160ರ ಎಂಜಿನ್ನಿನ ಅಗಲವನ್ನು ಒಂದೇ ಒಂದು ಮಿಲಿಮೀಟರ್ ಹಿಗ್ಗಿಸಿ, ವಾಲ್ವು ದೊಡ್ಡದು ಮಾಡಿ, 10,000 ಆರ್‌ಪಿಎಂನಲ್ಲಿ 19.2 ಅಶ್ವಶಕ್ತಿ. ಲೀಟರಿಗೆ 116. ಸಿಲಿಂಡರ್ ಹಿಗ್ಗಿಸುವುದು, ಹೆಡ್ಡಿನ ದಾರಿ ದೊಡ್ಡದು ಮಾಡುವುದು: ದಂಡಿನ ಗ್ಯಾರೇಜುಗಳಲ್ಲಿ ಮೂವತ್ತು ವರ್ಷ ಮಾಡಿಕೊಂಡು ಬಂದ ಕೆಲಸವೇ ಅದು. ಈಗ ಕಾರ್ಖಾನೆಯಿಂದ, ಗ್ಯಾರಂಟಿಯೊಡನೆ, ಬಿಎಸ್6 ಹೊಗೆ ನಿಯಮದೊಳಗೆ ಬಂತು.

ಟಿವಿಎಸ್‌ನ ರೇಸಿಂಗ್ ವಿಭಾಗ 1982ರಷ್ಟು ಹಳೆಯದು. ಟ್ರ್ಯಾಕಿನಲ್ಲಿ ಮುರಿದದ್ದನ್ನು ರಸ್ತೆಯ ಬೈಕಿನಲ್ಲಿ ಸರಿಪಡಿಸುವುದು ಅವರ ಕ್ರಮ. ಆ ತಂಡದ ಹೆಮ್ಮೆಯಾಗಿ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಎಫ್‌ಐಎಂ ಬಾಜಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಅದಕ್ಕೂ ಮೊದಲು, 2015ರಲ್ಲಿ, ಬೆಂಗಳೂರಿನವರೇ ಆದ ಸಿ.ಎಸ್. ಸಂತೋಷ್ ಡಕಾರ್ ರ್‍ಯಾಲಿಯನ್ನು ಪೂರ್ತಿ ಮಾಡಿದ ಮೊದಲ ಭಾರತೀಯರಾಗಿದ್ದರು. ಇವರ ಊರು ಬೆಂಗಳೂರೇ ಆದದ್ದು ಕಾಕತಾಳೀಯ ಎಂದು ನನಗೆ ಅನಿಸುವುದಿಲ್ಲ.

ಇಷ್ಟು ಹೊತ್ತು ಓಡುವ ಮಾತಾಯಿತು. ನಿಲ್ಲುವ ಮಾತು ಇದಕ್ಕಿಂತ ದೊಡ್ಡದು. ಆರ್‌ಎಕ್ಸ್ 100ಕ್ಕೆ ಇದ್ದದ್ದು ಮುಂದೆ ಹಿಂದೆ ಡ್ರಮ್ ಬ್ರೇಕು. ಆ ಪಿಕಪ್ಪಿಗೆ ಆ ಬ್ರೇಕು ಯಾವ ಕಾಲಕ್ಕೂ ಸಾಟಿಯಾಗಿರಲಿಲ್ಲ. ಮಳೆ ಬಿದ್ದು ಹೊಳೆಯುವ ಹಳೆ ಮದ್ರಾಸ್ ರಸ್ತೆಯಲ್ಲಿ ಮುಂಚಕ್ರ ಲಾಕಾಗಿ ಜಾರಿದ ಮನೆಮಗನ ಸುದ್ದಿ ಈ ಬಡಾವಣೆಗಳಲ್ಲಿ ಎಷ್ಟು ಮನೆಗಳಿಗೆ ಬಂದಿಲ್ಲ! ಆರ್‌ಟಿಆರ್ 160ಕ್ಕೆ ಮುಂದೆ 270 ಮಿಲಿಮೀಟರಿನ ಡಿಸ್ಕು ಬಂತು. 2011ರಲ್ಲಿ ಆರ್‌ಟಿಆರ್ 180ಕ್ಕೆ ಎಬಿಎಸ್ ಬಂತು. ಚಕ್ರ ಲಾಕಾಗುವ ಮುನ್ನವೇ ಗ್ರಹಿಸಿ ಬ್ರೇಕನ್ನು ಸೆಕೆಂಡಿನಲ್ಲಿ ಹಲವು ಸಲ ಬಿಟ್ಟು ಹಿಡಿಯುವ ವ್ಯವಸ್ಥೆ. ಭಾರತದ ಕಂಪನಿಯ ಬೈಕಿನಲ್ಲಿ ಅದು ಮೊದಲು. 125 ಸಿಸಿಗಿಂತ ದೊಡ್ಡ ಎಲ್ಲ ಹೊಸ ಬೈಕುಗಳಿಗೂ ಅದು ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಈ ನಲವತ್ತು ವರ್ಷದ ಬೆಳವಣಿಗೆಯಲ್ಲಿ ಒಂದೇ ಒಂದನ್ನು ಆರಿಸು ಎಂದರೆ ನಾನು ಅಶ್ವಶಕ್ತಿಯನ್ನು ಆರಿಸುವುದಿಲ್ಲ, ಎಬಿಎಸ್ ಆರಿಸುತ್ತೇನೆ. ಇವತ್ತು ಲಕ್ಷಗಟ್ಟಲೆ ಕೊಟ್ಟು ಹಳೆಯ ಆರ್‌ಎಕ್ಸ್ ರಿಪೇರಿ ಮಾಡಿಸಿಕೊಳ್ಳುವವರು ಟ್ಯಾಂಕಿನ ಬಣ್ಣಕ್ಕೆ ಮೊದಲು ಬ್ರೇಕ್ ಶೂ, ಡ್ರಮ್, ಟೈರುಗಳಿಗೆ ಹಣ ಹಾಕಲಿ ಎಂದು ಕೈಮುಗಿದು ಕೇಳುತ್ತೇನೆ.

ಸೈಲೆನ್ಸರಿನ ಬಗ್ಗೆಯೂ ಒಂದು ಮಾತು. ಸದ್ದಿಗಾಗಿ ಸೈಲೆನ್ಸರ್ ಕೊರೆಸಿದ ಬೈಕುಗಳನ್ನು ಹಿಡಿದು, ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಆ ಸೈಲೆನ್ಸರುಗಳ ಮೇಲೆ ರೋಡ್ ರೋಲರ್ ಹರಿಸಿದ್ದಾರೆ. ಆಸ್ಪತ್ರೆಯ ಮುಂದೆ, ರಾತ್ರಿ ಹೊತ್ತಿನಲ್ಲಿ ಆ ಸದ್ದು ಮಾಡುವವರ ಪರ ನನಗೆ ಒಂದು ಮಾತೂ ಇಲ್ಲ. ಅವರು ತಿಳಿಯಬೇಕಾದ ಇನ್ನೊಂದು ವಿಷಯವಿದೆ. ಟೂ ಸ್ಟ್ರೋಕಿನಲ್ಲಿ ಸೈಲೆನ್ಸರ್ ಎಂಜಿನ್ನಿನದೇ ಒಂದು ಭಾಗ. ಅದರ ಹೊಟ್ಟೆ ಹಿಗ್ಗಿ ಮತ್ತೆ ಕಿರಿದಾಗುವ ಆಕಾರದಿಂದ ಹೊಗೆಯ ಒತ್ತಡದ ಅಲೆ ಹಿಂದಕ್ಕೆ ಬಡಿದು, ಕಿಂಡಿಯಿಂದ ಜಾರಿಹೋಗುತ್ತಿದ್ದ ಹೊಸ ಪೆಟ್ರೋಲನ್ನು ಸಿಲಿಂಡರಿನೊಳಕ್ಕೆ ತಳ್ಳುತ್ತದೆ. ಅದನ್ನು ಕಂಡಕಂಡಲ್ಲಿ ಕೊರೆದರೆ ಆ ಅಲೆ ಕೆಡುತ್ತದೆ. ಸದ್ದು ಹೆಚ್ಚುತ್ತದೆ, ಎಳೆತ ಕಮ್ಮಿಯಾಗುತ್ತದೆ. ಕಸುಬು ಬಲ್ಲ ಯಾವ ಮೇಸ್ತ್ರಿಯೂ ಒರಿಜಿನಲ್ ಸೈಲೆನ್ಸರಿಗೆ ಡ್ರಿಲ್ ಹಚ್ಚಲು ಒಪ್ಪುವುದಿಲ್ಲ.

ಅಂಥ ಮೇಸ್ತ್ರಿಗಳ ಗ್ಯಾರೇಜಿನಲ್ಲಿ ಈಗ ಅರದ ಪಕ್ಕ ಸ್ಕ್ಯಾನರ್ ಬಂದಿದೆ. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇರುವ ಬೈಕಿನ ಪ್ಲಗ್ ಬಣ್ಣ ನೋಡಿ ಹೇಳುವಂಥದ್ದು ಹೆಚ್ಚಿಲ್ಲ, ಕೋಡ್ ಓದಬೇಕು. ಉಸ್ತಾದರ ಜೊತೆ ಕೂತು ಕಿವಿಯಿಂದ ಎಂಜಿನ್ ಕಲಿತ ತಲೆಮಾರಿಗೆ ವಯಸ್ಸಾಗುತ್ತಿದೆ. ಜೆಟ್ ಅಳತೆ, ಪೋರ್ಟಿನ ಎತ್ತರ, ಯಾವ ಎತ್ತರದ ಊರಿಗೆ ಯಾವ ಸೆಟ್ಟಿಂಗ್ ಎಂಬುದೆಲ್ಲ ಅವರ ತಲೆಯಲ್ಲಿದೆ, ಎಲ್ಲೂ ಬರೆದಿಟ್ಟಿಲ್ಲ. ಯಾವುದಾದರೂ ಎಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗದವರು ಒಂದು ವರ್ಷ ಶಿವಾಜಿನಗರದಲ್ಲಿ, ಹಲಸೂರಿನಲ್ಲಿ ಕೂತು ಬರೆದುಕೊಂಡರೆ ಅದು ಪಠ್ಯಪುಸ್ತಕವಾದೀತು.

ಈಗ ಲೀಟರಿನ ಲೆಕ್ಕವೇ ಅಲ್ಲಾಡುತ್ತಿದೆ. ಬೆಂಗಳೂರಿನ ಅಲ್ಟ್ರಾವಯಲೆಟ್ ಕಂಪನಿ 2022ರಲ್ಲಿ ಮಾರುಕಟ್ಟೆಗೆ ತಂದ ಎಫ್77 ವಿದ್ಯುತ್ ಬೈಕಿಗೆ ಸಿಲಿಂಡರೇ ಇಲ್ಲ. ಗಾಳಿ ತೆಳುವಾದರೂ ದಟ್ಟವಾದರೂ ಅದರ ಮೋಟಾರಿಗೆ ಒಂದೇ. ಆದರೆ ಅದರ ತೂಕ 200 ಕಿಲೋದ ಆಸುಪಾಸು. ಪೆಟ್ರೋಲ್ ಬೈಕುಗಳೂ ಹಗುರವಾಗಿಲ್ಲ: ಆರ್‌ಟಿಆರ್ 200 ಸುಮಾರು 150 ಕಿಲೋ, 2017ರ ಅಪಾಚೆ ಆರ್‌ಆರ್ 310 ಸುಮಾರು 170. ವಾಲ್ವು, ಕ್ಯಾಮು, ಕ್ಯಾಟಲಿಟಿಕ್ ಕನ್ವರ್ಟರು, ಎಬಿಎಸ್, ರೇಡಿಯೇಟರು, ಗಟ್ಟಿ ಚಾಸಿ, ಪ್ರತಿಯೊಂದಕ್ಕೂ ನ್ಯಾಯವಾದ ಕಾರಣವಿದೆ, ಪ್ರತಿಯೊಂದಕ್ಕೂ ತೂಕವಿದೆ. ಲೀಟರಿಗೆ 112ನ್ನು ಹಲವರು ದಾಟಿದರು. ಈ ನಗರದ ರಸ್ತೆಗೆ ಅಷ್ಟೇ ಮುಖ್ಯವಾಗಿದ್ದ 103 ಕಿಲೋವನ್ನು, ಡಿಸ್ಕ್ ಬ್ರೇಕು ಮತ್ತು ಎಬಿಎಸ್ ಸಮೇತ, ಶುದ್ಧ ಹೊಗೆಯೊಡನೆ, ಸ್ಪೋರ್ಟ್ಸ್ ಬೈಕ್ ಮಾಡುವ ಕಂಪನಿಗಳು ಇನ್ನೂ ಮುಟ್ಟಿ ತೋರಿಸಬೇಕಾಗಿದೆ.